ತೂಕ ನಿಂತಿತು, ಶುಗರ್ ಏರಿತು: ಮಳೆಗಾಲದಲ್ಲಿ ನಾನು ಮಾಡಿದ್ದು

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಶುಗರ್ ಬಂದು ಕೆಲವು ವರ್ಷ ಆಯ್ತು. ಕೊಯ್ಲಿನ ಕಾಲದಲ್ಲಿ ಕೆಲಸದವರ ಜೊತೆ ತೋಟ ಸುತ್ತಿ ತೂಕ ಚೆನ್ನಾಗಿ ಇಳಿದಿತ್ತು. ಜೂನ್ ಮಳೆ ಹಿಡಿದದ್ದೇ ತಡ, ತೂಕದ ಮುಳ್ಳು ಅಲ್ಲೇ ಕೂತಿತು. ಅದಾದರೂ ಹೋಗಲಿ ಅಂದರೆ, ಬೆಳಗಿನ ಖಾಲಿ ಹೊಟ್ಟೆ ಶುಗರ್ 120ರ ಆಸುಪಾಸಿನಿಂದ 160 ದಾಟಿತು. ಊಟ ಅದೇ, ಮಾತ್ರೆ ಅದೇ.

ಮೊದಲು ಮೀಟರ್ ಮೇಲೆ ಅನುಮಾನ ಬಂತು. ನಮ್ಮ ಮಳೆಯಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಸ್ಟ್ರಿಪ್ ಉಳಿಯುತ್ತದಾ? ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ತೇವ ಹಿಡಿದು ರೀಡಿಂಗ್ ಹೆಚ್ಚುಕಡಿಮೆ ಆಗುತ್ತದೆ. ಕಿತ್ತಳೆ ಸುಲಿದ ಕೈಯಲ್ಲೇ ಚುಚ್ಚಿಕೊಂಡರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ. ಹೊಸ ಡಬ್ಬಿ ಒಡೆದೆ. ಬಿಸಿನೀರಲ್ಲಿ ಕೈ ತೊಳೆದು, ಒರೆಸಿ ನೋಡಿದೆ. ಚಳಿಗೆ ಮರಗಟ್ಟಿದ ಬೆರಳಲ್ಲಿ ರಕ್ತ ಬರುವುದಕ್ಕೂ ಬಿಸಿನೀರು ಒಳ್ಳೆಯದು. ಆದರೆ ಅಂಕಿ ಇಳಿಯಲಿಲ್ಲ.

ಹಾಗಾಗಿ ಕೆಲಸದವರ ಹಾಜರಿ ಬರೆಯುವ ಹಳೇ ಚೆಕ್‌ರೋಲ್ ಪುಸ್ತಕದ ಖಾಲಿ ಹಾಳೆಗೆ ಗೆರೆ ಎಳೆದೆ. ಊಟಕ್ಕೆ ಮೊದಲು ಒಂದು ಸಲ, ಊಟ ಶುರು ಮಾಡಿ ಎರಡು ಗಂಟೆಗೆ ಇನ್ನೊಂದು ಸಲ. ಸ್ಟ್ರಿಪ್ ದುಬಾರಿ, ಅದಕ್ಕೆ ದಿನಕ್ಕೆ ಒಂದೇ ಹೊತ್ತು. ಇವತ್ತು ತಿಂಡಿ, ನಾಳೆ ಮಧ್ಯಾಹ್ನ, ನಾಡಿದ್ದು ರಾತ್ರಿ. ಬರೀ ಬೆಳಗಿನ ಶುಗರ್ ನೋಡುತ್ತಾ ಕೂತಿದ್ದರೆ ಯಾವ ತಟ್ಟೆಯಿಂದ ಏರುತ್ತಿದೆ ಅಂತ ಗೊತ್ತಾಗುತ್ತಲೇ ಇರಲಿಲ್ಲ.

ಹೆಚ್ಚು ಏರಿಸಿದ್ದು ಕಡಂಬುಟ್ಟು, ಅಕ್ಕಿ ತರಿಯ ಉಂಡೆ ಕಡುಬು. ಮನೆಯವಳು ಒಪ್ಪಲೇ ಇಲ್ಲ. "ಅದಕ್ಕೆ ಸಕ್ಕರೆ ಎಲ್ಲಿ ಹಾಕಿದ್ದೇನೆ? ಬರೀ ತರಿ ಅಲ್ವಾ?" ಅಂದಳು. 100 ಗ್ರಾಂ ಅಕ್ಕಿ ತರಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವೇ ಇರುತ್ತದೆ, ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ನಮ್ಮಲ್ಲೊಂದು ತಮಾಷೆ ಇದೆ. ಶುಗರ್ ಬಂತು ಅಂತ ಪಂದಿ ಕರಿ (ಹಂದಿ ಸಾರು) ಬಿಡುತ್ತಾರೆ, ಆ ಬೇಜಾರಿಗೆ ಕಡುಬು ಎರಡು ಜಾಸ್ತಿ ತಿನ್ನುತ್ತಾರೆ! ಪಂದಿ ಮಾಂಸದಲ್ಲಿ ಪಿಷ್ಟ ಇಲ್ಲ. ಅದರ ಕೊಬ್ಬು ತೂಕಕ್ಕೆ ತೊಂದರೆ, ಗ್ರಾಂಗೆ 9 ಕ್ಯಾಲೊರಿ. ನನಗೆ ಶುಗರ್, ತೂಕ ಎರಡೂ ಇಳಿಯಬೇಕಿತ್ತು. ಕಡುಬು ಎರಡಕ್ಕೆ ನಿಲ್ಲಿಸಿದೆ, ಮಾಂಸದಲ್ಲಿ ಕೊಬ್ಬಿನ ತುಂಡು ಪಕ್ಕಕ್ಕಿಟ್ಟೆ. ಮೊದಲು ಕಣಿಲೆ (ಎಳೆ ಬಿದಿರು) ಪಲ್ಯವೋ ಸೊಪ್ಪೋ, ಜೊತೆಗೆ ಮೊಟ್ಟೆ, ಕಡುಬು ಕೊನೆಗೆ. ಇಷ್ಟಕ್ಕೇ ಎರಡು ಗಂಟೆಯ ಅಂಕಿ 180ರ ಒಳಗೆ ಬಂತು. ಬೆಲ್ಲದ ಕಾಫಿಯೂ ಹೋಯಿತು. ಬೆಲ್ಲ, ಜೇನು ಸಕ್ಕರೆಗಿಂತ ಮೇಲು ಅನ್ನುವ ಮಾತಿಗೆ ನನ್ನ ಮೀಟರ್ ಸಾಕ್ಷಿ ಹೇಳಲಿಲ್ಲ.

ನಡಿಗೆಯದು ಬೇರೆ ಕಥೆ. ಬೆಳಗ್ಗೆ ಐದಕ್ಕೆ ವಾಕಿಂಗ್ ಹೋಗಿ ಅಂತ ಊರಿಗೆಲ್ಲ ಹೇಳುತ್ತಾರೆ. ನಮ್ಮ ಕಡೆ ಆ ಹೊತ್ತಿಗೆ ದಾರಿಯಲ್ಲಿ ಆನೆ ಇರುತ್ತದೆ. ಅದಕ್ಕೆ ಊಟ ಆದ ಕೂಡಲೇ ಗೋಡೌನ್ ಒಳಗೇ ಕಾಲು ಗಂಟೆ ನಡೆದೆ. ಊಟದ ಮೇಲೆ ನಡೆದರೆ ಸ್ನಾಯುಗಳು ರಕ್ತದ ಸಕ್ಕರೆಯನ್ನು ಆಗಲೇ ಎಳೆದುಕೊಳ್ಳುತ್ತವೆ. ಮಳೆಗಾಲಕ್ಕೆ ಇದೇ ವಾಸಿ.

ಬೆಳಗಿನ ಶುಗರ್ ಮಾತ್ರ ಹಠ ಹಿಡಿದಿತ್ತು. ಮಲಗುವಾಗ 130, ಏಳುವಾಗ 155. ರಾತ್ರಿ ಊಟ ಬಿಟ್ಟುಬಿಡು ಅಂದರು ಕೆಲವರು. ನನ್ನ ಹಾಗೆ ಗ್ಲಿಮೆಪಿರೈಡ್ (ಇನ್ಸುಲಿನ್ ಹೆಚ್ಚು ಸುರಿಸುವ ಶುಗರ್ ಮಾತ್ರೆ) ತಗೊಳ್ಳುವವರು ಊಟ ಬಿಟ್ಟರೆ ನಿದ್ದೆಯಲ್ಲೇ ಶುಗರ್ ಕುಸಿಯಬಹುದು. ನಾನು ಮಾಡಲಿಲ್ಲ. ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋದೆ.

ಅವರು ಹಾಳೆ ತಿರುಗಿಸಿ, "ರೈಟ್ರೇ, ಇತ್ತೀಚೆಗೆ ಎಲ್ಲಾದರೂ ಇಂಜೆಕ್ಷನ್ ತಗೊಂಡ್ರಾ?" ಅಂದರು. ಮೊಣಕಾಲು ನೋವಿಗೆ ತಗೊಂಡಿದ್ದೆ. ಅದು ಸ್ಟೀರಾಯ್ಡ್, ಕೆಲವು ದಿನ ಶುಗರ್ ಏರಿಸುತ್ತದೆ. ಆದರೆ ಅದೊಂದೇ ಕಾರಣ ಅಲ್ಲ ಅಂದರು. ಬೆಳಗಿನ ಜಾವ ಹಾರ್ಮೋನುಗಳು ಏಳುತ್ತವೆ, ಲಿವರ್ ತಾನೇ ಸಕ್ಕರೆ ಬಿಡುತ್ತದೆ, ಉಂಡರೂ ಅಷ್ಟೇ ಬಿಟ್ಟರೂ ಅಷ್ಟೇ. ಮೈ ತೂಕ ಇಳಿದಂತೆ ಅದಕ್ಕೆ ಬೇಕಾದ ಊಟವೂ ಕಡಿಮೆ ಆಗುತ್ತದೆ, ಅದಕ್ಕೇ ಮೊದಲಿನ ಅಳತೆಯಲ್ಲೇ ಉಂಡರೆ ತೂಕ ನಿಲ್ಲುತ್ತದೆ. ಮೇಲಾಗಿ ಗ್ಲಿಮೆಪಿರೈಡ್ ತೂಕ ಏರಿಸುವ ಕಡೆಯದು. ಥೈರಾಯ್ಡ್, ಕಿಡ್ನಿ ಪರೀಕ್ಷೆ ಮಾಡಿಸಿ, ಗ್ಲಿಮೆಪಿರೈಡ್ ಕಡಿಮೆ ಮಾಡಿ, ಮೆಟ್‌ಫಾರ್ಮಿನ್ ಮಾತ್ರೆಯ ಜೊತೆಗೆ, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್ ಸೇರಿಸಿದರು. ಇದು ನನಗೆ ಬರೆದ ಚೀಟಿ. ನಿಮ್ಮದನ್ನು ನಿಮ್ಮ ಡಾಕ್ಟರೇ ಬರೆಯಬೇಕು. ಮಾತ್ರೆ ಬದಲಾಯಿತು ಅಂದರೆ ಸೋತೆ ಅಂತ ಅಲ್ಲ. ವರ್ಷ ಕಳೆದಂತೆ ಇನ್ಸುಲಿನ್ ತಯಾರಾಗುವುದೇ ಕಡಿಮೆ ಆಗುವ ಕಾಯಿಲೆ ಇದು.

ಎಚ್‌ಬಿಎ1ಸಿ ಅನ್ನುವ ರಕ್ತ ಪರೀಕ್ಷೆ ಸುಮಾರು ಮೂರು ತಿಂಗಳ ಶುಗರ್ ಸರಾಸರಿ ಹೇಳುತ್ತದೆ. ಮಳೆ ಮುಗಿದ ಮೇಲೆ ಮಾಡಿಸಿದರೆ 8.1 ಇದ್ದದ್ದು 7.2ಕ್ಕೆ ಬಂದಿತ್ತು. ತೂಕ ಇಳಿದದ್ದು ಸ್ವಲ್ಪವೇ. ಬೆಲ್ಟ್ ಮಾತ್ರ ಒಂದು ತೂತು ಒಳಗೆ ಹೋಯಿತು. ಇನ್ನು ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುತ್ತದೆ, ತಂಬಿಟ್ಟು ತಿನ್ನದೆ ಇರುವವನಲ್ಲ ನಾನು. ಆ ಹೊತ್ತಿಗೆ ಕಡುಬು ಬೇಡ ಅಂತ ಮನೆಯವಳಿಗೆ ಈಗಲೇ ಹೇಳಿಟ್ಟಿದ್ದೇನೆ.