ಮೊದಲು ಆ ಫೋನನ್ನ ಅಕ್ಕಿ ಡಬ್ಬದಿಂದ ಹೊರಗೆ ತೆಗೀರಿ

ಫೋನಿಗೆ ನೀರು ಬಿತ್ತು ಅಂದ ತಕ್ಷಣ ಈಗಿನ ಮಕ್ಕಳು ಮಾಡೋ ಮೊದಲ ಕೆಲಸ, ಬಟನ್ ಒತ್ತಿ ಆನ್ ಆಗುತ್ತಾ ಅಂತ ನೋಡೋದು. ಆಗಲಿಲ್ಲ ಅಂದ್ರೆ ಚಾರ್ಜರ್ ಸಿಕ್ಕಿಸೋದು. ಅದಕ್ಕೂ ಬಗ್ಗದಿದ್ರೆ ಅಡುಗೆಮನೆಗೆ ಓಡಿಬಂದು ನನ್ನ ಸೋನಾಮಸೂರಿ ಅಕ್ಕಿಯಲ್ಲಿ ಹೂತಿಡೋದು. ಮೂರೂ ತಪ್ಪು. ನಮ್ಮ ಶ್ರೀನಿವಾಸಪುರದಲ್ಲಿ ಓದಿದ ಹುಡುಗರೂ ಇದನ್ನೇ ಮಾಡ್ತಾರೆ, ನೋಡಿ ನೋಡಿ ನನಗೆ ತಲೆ ಕೆಟ್ಟುಹೋಗಿದೆ.

ಒಳಗೆ ನೀರಿರುವಾಗ ಕರೆಂಟ್ ಹರಿದ್ರೆ ತಾಮ್ರದ ಗೆರೆಗಳು ಹಸಿರುಗಟ್ಟಿ ತಿಂದುಹೋಗ್ತವೆ. ಅದರಲ್ಲೂ ನಮ್ಮ ಕೋಲಾರದ ಕಡೆ ಬೋರ್ ನೀರು ಗಡಸು. ಬಿಂದಿಗೆ ಅಂಚಿನಲ್ಲಿ ಬೆಳ್ಳಗೆ ಕೂರೋ ಆ ಉಪ್ಪು ಫೋನಿನ ಹೊಟ್ಟೆಯಲ್ಲೂ ಕೂರುತ್ತೆ. ಅದಕ್ಕೇ ಎತ್ತಿದ ತಕ್ಷಣ ಆಫ್ ಮಾಡಿ. ನಮ್ಮಪ್ಪ ಟ್ರಾನ್ಸಿಸ್ಟರ್ ಮಳೆಗೆ ನೆನೆದ್ರೆ ಒರೆಸೋಕೂ ಮುಂಚೆ ಹಿಂದಿನ ಮುಚ್ಚಳ ತೆಗೆದು ಸೆಲ್ ಕಳಚ್ತಿದ್ರು. ಆಮೇಲೇ ಮಿಕ್ಕಿದ್ದೆಲ್ಲ. ಈಗಿನ ಫೋನುಗಳಲ್ಲಿ ಬ್ಯಾಟರಿ ಒಳಗೇ ಅಂಟಿರುತ್ತೆ, ಆಫ್ ಮಾಡೋದೊಂದೇ ನಮ್ಮ ಕೈಲಿರೋದು. ಅಷ್ಟನ್ನಾದ್ರೂ ಮಾಡಬಾರದಾ?

ಕವರ್ ಕಳಚಿ, ಸಿಮ್ ಟ್ರೇ ಎಳೀರಿ. ಪಿನ್ ಸಿಗದಿದ್ರೆ ಸಣ್ಣ ಓಲೆಯ ಕಡ್ಡಿ ಸಾಕು. ಆದ್ರೆ ಕಂಡ ತೂತಿಗೆಲ್ಲ ಚುಚ್ಚಬೇಡಿ, ಅಂಥದೇ ಪುಟ್ಟ ತೂತು ಮೈಕಿಂದೂ ಇರುತ್ತೆ, ಅದು ಹೋದ್ರೆ ನಿಮ್ಮ ಮಾತು ಯಾರಿಗೂ ಕೇಳಲ್ಲ. ಸಿಮ್ಮನ್ನ ಒರೆಸಿ ಮನೆಯ ಬೇರೆ ಫೋನಿಗೆ ಹಾಕಿಬಿಡಿ. ಓಟಿಪಿಗೋಸ್ಕರ ಒದ್ದೆ ಫೋನನ್ನ ಆನ್ ಮಾಡೋ ಆಸೆ ಅಲ್ಲಿಗೆ ತಪ್ಪುತ್ತೆ.

ಇನ್ನು ಒಣಗಿಸೋದು. ಇದರಲ್ಲಿ ನನ್ನ ಹಟಕ್ಕೆ ಯಾರೂ ಅಡ್ಡ ಬರಬೇಡಿ. ಒಗೆದು ಒಗೆದು ಮೆತ್ತಗಾದ ಹಳೇ ನೂಲು ಸೀರೆಯ ತುಂಡು ಬೇಕು. ಹೊಸ ಟವೆಲ್ ನೀರು ಹೀರಲ್ಲ, ನಾರು ಬೇರೆ ಬಿಡುತ್ತೆ. ಬಟ್ಟೆಯನ್ನ ನಾಲ್ಕು ಮಡಿಕೆ ಮಾಡಿ ಎಡಗೈ ಮೇಲೆ ಹಾಸಿ, ಚಾರ್ಜಿಂಗ್ ತೂತು ಕೆಳಗೆ ಬರೋ ಹಾಗೆ ಫೋನನ್ನ ನಿಲ್ಲಿಸಿ ಹಿಡೀರಿ. ಬಲಗೈ ಬೆರಳಿಂದ ಬೆನ್ನಿಗೆ ಮೆಲ್ಲಗೆ ತಟ್ಟಿ, ತೇಗು ಬರಲಿ ಅಂತ ಎಳೆಗೂಸಿಗೆ ತಟ್ಟೋ ಹಾಗೆ. ಜಾಡಿಸಬೇಡಿ, ಜಾಡಿಸಿದ್ರೆ ಅಂಚಿನಲ್ಲಿದ್ದ ನೀರು ಸ್ಕ್ರೀನ್ ಕೆಳಗೆ ಹೋಗುತ್ತೆ. ಬಟ್ಟೆಯಲ್ಲಿ ರಾಗಿ ಕಾಳಿನಷ್ಟು ಒದ್ದೆ ಚುಕ್ಕೆ ಮೂಡುತ್ತೆ. ಆಗ ಒಣ ಮಡಿಕೆಗೆ ತಿರುಗಿಸಿ ಮತ್ತೆ ತಟ್ಟಿ. ಚುಕ್ಕೆ ಮೂಡೋದು ನಿಲ್ಲೋವರೆಗೂ ಇದೇ ಕೆಲಸ, ಬೇಸರ ಪಡಬೇಡಿ. ಆಮೇಲೆ ಅದೇ ತೂತು ಕೆಳಗಿರೋ ಹಾಗೆ ಮಣೆಗೆ ಒರಗಿಸಿ, ಒಂದು ಮೊಳ ದೂರದಲ್ಲಿ ಟೇಬಲ್ ಫ್ಯಾನ್ ಸಣ್ಣಗೆ ಇಡಿ. ಸಿಮ್ ಟ್ರೇ ಜಾಗ ತೆರೆದೇ ಇರಲಿ. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ, ಇನ್ನೂ ಒಂದು ದಿನ ತಾಳಿದ್ರೆ ಒಳ್ಳೇದೇ.

ಬಿಸಿಲಿಗೆ ಬೇಡ, ಒಲೆ ಪಕ್ಕ ಬೇಡ, ತಲೆಗೂದಲು ಒಣಗಿಸೋ ಮೆಷಿನ್ನೂ ಬೇಡ. ಬಿಸಿಗೆ ಸ್ಕ್ರೀನ್ ಅಂಟು ಸಡಿಲವಾಗುತ್ತೆ, ಬ್ಯಾಟರಿಗೂ ಕೇಡು. ಉಪ್ಪಿನಕಾಯಿ ಜಾಡಿಯನ್ನ ಬೇಕಾದ್ರೆ ಬಿಸಿಲಿಗಿಡಿ. ಮಾವಿನಕಾಯಿ ಕಾಲದಲ್ಲಿ ಒರೆಸಿದ್ದೀನಿ ಅಂತ ಹಸಿ ಜಾಡಿಗೇ ಹೋಳು ತುಂಬಿ, ಬೂಸಲು ಬಂದ ಮೇಲೆ ನನ್ನ ಹತ್ರ ಬರ್ತಾರೆ! ಅದನ್ನ ಇನ್ನೊಂದು ದಿನ ಹೇಳ್ತೀನಿ.

ಅಕ್ಕಿ ಯಾಕೆ ಬೇಡ ಅಂದ್ರೆ, ಅದರ ಪುಡಿ, ನುಚ್ಚು ಚಾರ್ಜಿಂಗ್ ತೂತಿಗೆ ಸೇರಿ ಗಂಜಿಯಾಗುತ್ತೆ. ಆಪಲ್ ಕಂಪನಿಯವರೇ ತಮ್ಮ ಸೂಚನೆಯಲ್ಲಿ ಅಕ್ಕಿಯಲ್ಲಿ ಇಡಬೇಡಿ, ತೂತಿಗೆ ಹತ್ತಿ ಕಡ್ಡಿ, ಪೇಪರ್ ತುರುಕಬೇಡಿ ಅಂದಿದ್ದಾರೆ. ಚಪ್ಪಲಿ ಡಬ್ಬದಲ್ಲಿ ಬರೋ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಎಸೀದೆ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಕೂಡಿಟ್ಟಿದ್ರೆ, ಕರೆಂಟ್ ಹೋದಾಗ ಫೋನನ್ನ ಅದರ ಜೊತೆ ಮುಚ್ಚಿಡಬಹುದು. ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಸ್ಕ್ರೀನ್ ಒಳಗೆ ಮಂಜು ಕವಿದ ಹಾಗೆ ಕಂಡ್ರೆ ಬೆರಳಿಂದ ಒತ್ತಿ ಅಂಚಿಗೆ ತಳ್ಳೋಕೆ ಹೋಗಬೇಡಿ, ಮಂಜು ಇನ್ನೂ ಹರಡುತ್ತೆ. ಎಲ್‌ಸಿಡಿ (ಹಿಂದಿನ ದೀಪದಿಂದ ಬೆಳಗೋ ಸ್ಕ್ರೀನ್) ಆದ್ರೆ ಒಣಗಿದ ಮೇಲೆ ಮಂಜು ಹೋಗಬಹುದು, ಅಂಚಿನಲ್ಲಿ ಕಲೆ ಉಳಿದ್ರೂ ಉಳೀತು. ಓಎಲ್‌ಇಡಿಯಲ್ಲಿ, ಅಂದ್ರೆ ಪ್ರತಿ ಚುಕ್ಕೆಯೂ ತಾನೇ ಬೆಳಗೋ ಸ್ಕ್ರೀನಿನಲ್ಲಿ, ಶಾಯಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ ಬಂದ್ರೆ ಮನೆ ಮದ್ದಿಲ್ಲ, ಸ್ಕ್ರೀನೇ ಬದಲಿಸಬೇಕು. ಸ್ಕ್ರೀನ್ ಅಂಚು ಮೇಲೆದ್ದು ಬೆನ್ನು ಉಬ್ಬಿದ್ರೆ ಬ್ಯಾಟರಿ ಊದಿದೆ ಅಂತ ಅರ್ಥ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಅಂತೂ ಹಾಕಲೇಬೇಡಿ.

ಬೆಳಿಗ್ಗೆ ಡೈರಿಯಲ್ಲಿ ಬಗ್ಗಿದಾಗ ಜೇಬಿಂದ ಹಾಲಿನ ಕ್ಯಾನಿಗೆ ಬಿದ್ದ ಫೋನ್, ಟೀ ಚೆಲ್ಲಿದ ಫೋನ್, ಇವಕ್ಕೆ ನನ್ನ ಸೀರೆ ತುಂಡು ಸಾಲದು. ನೀರು ಆರಿದ್ರೂ ಜಿಡ್ಡು, ಸಕ್ಕರೆ ಒಳಗೇ ಉಳಿಯುತ್ತೆ. ಆವತ್ತೇ ರಿಪೇರಿಯವರಲ್ಲಿಗೆ ಹೋಗಿ, ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲ್ (ಬೇಗ ಆರಿಹೋಗೋ ಸ್ಪಿರಿಟ್) ಹಾಕಿ ಮೆತ್ತನೆ ಬ್ರಷ್‌ನಲ್ಲಿ ತೊಳೀರಿ ಅಂತ ಹೇಳಿ. ಏನು ಬಿತ್ತು ಅನ್ನೋದನ್ನ ಮುಚ್ಚಿಡಬೇಡಿ. ಎಷ್ಟೋ ಫೋನುಗಳಲ್ಲಿ ಸಿಮ್ ಟ್ರೇ ಜಾಗದ ಒಳಗೆ ಒಂದು ಬಿಳಿ ಚುಕ್ಕೆ ಇರುತ್ತೆ, ನೀರು ತಗುಲಿದ್ರೆ ಕೆಂಪಾಗುತ್ತೆ, ಅವರು ನೋಡೋದೇ ಅದನ್ನ. ನಂದು ಐಪಿ68 ಫೋನು, ಅಂದ್ರೆ ನೀರು, ಧೂಳು ತಡೆಯುತ್ತೆ ಅಂತ ಪರೀಕ್ಷೆಯಾದ ಫೋನು, ಏನೂ ಆಗಲ್ಲ ಅಂತ ಜಂಬ ಬೇಡ, ಆ ನೀರಿನ ಪರೀಕ್ಷೆ ಮಾಡೋದು ಶುದ್ಧ ನೀರಲ್ಲಿ, ಹಾಲು, ಟೀಯಲ್ಲಲ್ಲ, ಅದೂ ಹೊಸ ಫೋನಿಗೆ.

ತಾಳ್ಮೆಯಿಂದ ಕಾದು ಆನ್ ಮಾಡಿದಾಗ ಬೆಳಕು ಬಂತು ಅನ್ನಿ, ರೀಲ್ಸ್ ನೋಡ್ತಾ ಕೂರಬೇಡಿ. ಮೊದಲು ಫೋಟೋ, ನಂಬರ್ ಎಲ್ಲ ಬೇರೆ ಕಡೆ ಇಳಿಸಿಕೊಳ್ಳಿ. ಒಳಗೆ ತುಕ್ಕು ಶುರುವಾಗಿದ್ರೆ ಎರಡು ವಾರ ಬಿಟ್ಟೂ ಕೈಕೊಡುತ್ತೆ.