ಡೆಕ್ಸಾ ವರದಿಯ ಲೆಕ್ಕ: ಮೂಳೆ, ಸ್ನಾಯು, ಕೊಬ್ಬಿನ ಏರಿಳಿತ ಗಮನಿಸುವುದು ಹೇಗೆ?

ಹೋದ ವರ್ಷದ ಡೆಕ್ಸಾ (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್-ರೇ ಸ್ಕ್ಯಾನ್) ವರದಿಯಲ್ಲಿ ಬೆನ್ನೆಲುಬಿನ ಸಾಂದ್ರತೆ 0.842. ಈ ವರ್ಷ 0.815. ಶೇ 3ಕ್ಕಿಂತ ಹೆಚ್ಚು ಇಳಿಕೆ. ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಮನೆಮಂದಿಯೆಲ್ಲ ಗಾಬರಿಬೀಳಲು ಇಷ್ಟು ಸಾಕು. ಆದರೆ ಅದೇ ವ್ಯಕ್ತಿಯನ್ನು ಮೇಜಿನಿಂದ ಇಳಿಸಿ, ಐದು ನಿಮಿಷ ಬಿಟ್ಟು ಮತ್ತೆ ಮಲಗಿಸಿ ಅಳೆದರೂ ಇಷ್ಟು ವ್ಯತ್ಯಾಸ ಬರಬಹುದು. ಮೂಳೆ ಅಳೆಯಲು ಡೆಕ್ಸಾದಷ್ಟು ಒಳ್ಳೆಯ, ಸುಲಭದ ಸ್ಕ್ಯಾನ್ ಇನ್ನೊಂದಿಲ್ಲ. ಅದರ ಪೂರ್ತಿ ಪ್ರಯೋಜನ ಸಿಗಬೇಕಾದರೆ ಯಾವ ಅಂಕಿಯನ್ನು ಯಾವುದರ ಜೊತೆ ಹೋಲಿಸಬೇಕು, ಎಷ್ಟು ಬದಲಾದರೆ ಅದು ನಿಜವಾದ ಬದಲಾವಣೆ ಎಂಬುದು ಗೊತ್ತಿರಬೇಕು.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ‘ಮೂಳೆ ಸವೆತ’ ಎಂಬ ಒಂದೇ ಮಾತನ್ನು ಎರಡು ಕಾಯಿಲೆಗಳಿಗೆ ಬಳಸುತ್ತಾರೆ. ಮಂಡಿಯ ಕೀಲು ಸವೆದು ನೋವಾಗುವುದು ಒಂದು. ಮೂಳೆಯ ಒಳಗಿನ ಖನಿಜ ಕಡಿಮೆಯಾಗಿ ಅದು ಟೊಳ್ಳಾಗುವುದು, ಅಂದರೆ ಆಸ್ಟಿಯೊಪೊರೊಸಿಸ್, ಇನ್ನೊಂದು. ಎರಡನೆಯದಕ್ಕೆ ನೋವೇ ಇರುವುದಿಲ್ಲ, ಮೂಳೆ ಮುರಿದಾಗಲೇ ಗೊತ್ತಾಗುವುದು. ಡೆಕ್ಸಾ ಅಳೆಯುವುದು ಈ ಎರಡನೆಯದನ್ನು. ಮಂಡಿನೋವಿಗೆ ಡೆಕ್ಸಾ ಮಾಡಿಸಿದರೆ ಉತ್ತರ ಸಿಗದು.

ಯಂತ್ರ ಮಾಡುವ ಕೆಲಸ ಸರಳ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಕಿರಣಗಳನ್ನು ದೇಹದ ಮೂಲಕ ಹಾಯಿಸುತ್ತದೆ. ಮೂಳೆ ಮತ್ತು ಮೆತ್ತನೆಯ ಭಾಗ ಈ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ತಡೆಯುತ್ತವೆ. ಆ ವ್ಯತ್ಯಾಸದಿಂದ ಮೂಳೆಯ ಖನಿಜ ಎಷ್ಟು ಗ್ರಾಂ ಎಂದು ಲೆಕ್ಕ ಹಾಕಿ, ಮೂಳೆಯ ನೆರಳು ಆವರಿಸಿದ ವಿಸ್ತೀರ್ಣದಿಂದ ಭಾಗಿಸುತ್ತದೆ. ಬರುವ ಉತ್ತರವೇ ಬಿಎಂಡಿ, ಅಂದರೆ ಮೂಳೆಯ ಖನಿಜ ಸಾಂದ್ರತೆ: ಒಂದು ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ. ಬೆನ್ನು ಮತ್ತು ತೊಡೆಯ ಸ್ಕ್ಯಾನಿಗೆ ತಗಲುವ ವಿಕಿರಣ, ಸುತ್ತಲಿನ ನೆಲ ಮತ್ತು ಆಕಾಶದಿಂದ ನಮಗೆ ಒಂದೆರಡು ದಿನದಲ್ಲಿ ಸಹಜವಾಗಿ ಬರುವಷ್ಟೇ. ಆದರೂ ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಹೇಳಲೇಬೇಕು.

ಕ್ಯಾಂಪಿನ ಯಂತ್ರ ಡೆಕ್ಸಾ ಅಲ್ಲ

ಔಷಧ ಅಂಗಡಿಯ ಮುಂದೆ, ಕಲ್ಯಾಣ ಮಂಟಪದಲ್ಲಿ ನಡೆಯುವ ಉಚಿತ ಮೂಳೆ ತಪಾಸಣೆಯಲ್ಲಿ ಹಿಮ್ಮಡಿಯನ್ನು ಒಂದು ಪುಟ್ಟ ಪೆಟ್ಟಿಗೆಯೊಳಗೆ ಇಡಿಸುತ್ತಾರೆ. ಅದು ಅಲ್ಟ್ರಾಸೌಂಡ್. ಚೀಟಿಯ ಮೇಲೆ ‘ಟಿ-ಸ್ಕೋರ್’ (ಯುವಜನರ ಮೂಳೆಗೆ ಹೋಲಿಸಿದ ಅಂಕಿ) ಎಂದೇ ಬರೆದಿದ್ದರೂ, ಸಹಜ ಯಾವುದು, ರೋಗ ಯಾವುದು ಎಂದು ಹೇಳುವ ಡೆಕ್ಸಾದ ಗೆರೆಗಳನ್ನು ಅದಕ್ಕೆ ಹಚ್ಚುವಂತಿಲ್ಲ. ಚಿಕಿತ್ಸೆ ಫಲಿಸುತ್ತಿದೆಯೇ ಎಂದು ನೋಡುವುದಕ್ಕಂತೂ ಅದು ಬರುವುದೇ ಇಲ್ಲ. ಅಲ್ಲಿ ಅಂಕಿ ಕಡಿಮೆ ಬಂದರೆ ಡೆಕ್ಸಾ ಮಾಡಿಸಿ ಖಚಿತಪಡಿಸಿಕೊಳ್ಳಿ. ಆ ಚೀಟಿ ನೋಡಿ ಔಷಧ ಶುರು ಮಾಡಬೇಡಿ.

ಡೆಕ್ಸಾ ಬೇಕಾಗುವುದು 65 ದಾಟಿದ ಮಹಿಳೆಯರಿಗೆ, 70 ದಾಟಿದ ಪುರುಷರಿಗೆ. ಅದಕ್ಕೂ ಮೊದಲೇ ಮಾಡಿಸಬೇಕಾದವರು: ಬೇಗ ಮುಟ್ಟು ನಿಂತವರು, ನಿಂತಲ್ಲಿಂದ ಬಿದ್ದಷ್ಟಕ್ಕೇ ಮೂಳೆ ಮುರಿದುಕೊಂಡವರು, ಸ್ಟೀರಾಯ್ಡ್ ಮಾತ್ರೆಯನ್ನು ಮೂರು ತಿಂಗಳು ಮೀರಿ ನುಂಗುತ್ತಿರುವವರು, ಯೌವನದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದವರು. ಎತ್ತರ ಕುಗ್ಗಿದ್ದರೆ ಬೆನ್ನನ್ನು ಪಕ್ಕದಿಂದಲೂ ಸ್ಕ್ಯಾನ್ ಮಾಡಿ ಮಣಿ ಕುಸಿದಿದೆಯೇ ಎಂದು ನೋಡಲು ಕೇಳಿ.

ಸ್ಕ್ಯಾನಿಗೆ ಮುಂಚೆ

ಕೇಂದ್ರವನ್ನು ಆರಿಸುವಾಗ ದರ ಒಂದನ್ನೇ ಕೇಳಿ ಸುಮ್ಮನಾಗಬೇಡಿ. ಎರಡು ಪ್ರಶ್ನೆ ಕೇಳಿ. ಯಂತ್ರ ಯಾವ ಕಂಪನಿಯದು? ನಿಮ್ಮ ಕೇಂದ್ರದ ‘ಎಲ್‌ಎಸ್‌ಸಿ’ ಎಷ್ಟು? ಎಲ್‌ಎಸ್‌ಸಿ ಎಂದರೆ ಇದಕ್ಕಿಂತ ಹೆಚ್ಚು ಬದಲಾದರೆ ಮಾತ್ರ ನಿಜವಾದ ಬದಲಾವಣೆ ಎನ್ನಬಹುದಾದ ಗಡಿ. ಅಲ್ಲಿನ ತಂತ್ರಜ್ಞರು 30 ಮಂದಿಯನ್ನು ಎರಡೆರಡು ಸಲ ಅಥವಾ 15 ಮಂದಿಯನ್ನು ಮೂರು ಮೂರು ಸಲ ಅಳೆದು, ಬಂದ ತಪ್ಪಿನ ಪ್ರಮಾಣವನ್ನು 2.77ರಿಂದ ಗುಣಿಸಿ ಇದನ್ನು ಕಂಡುಕೊಂಡಿರಬೇಕು. ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಕೇಂದ್ರ ಸಿಕ್ಕರೆ, ನಾಲ್ಕು ಮೈಲಿ ದೂರವಾದರೂ ಅಲ್ಲಿಗೇ ಹೋಗಿ, ಪ್ರತಿ ಸಲವೂ ಅಲ್ಲಿಗೇ ಹೋಗಿ. ಲೂನಾರ್ ಮತ್ತು ಹೊಲಾಜಿಕ್ ಎಂಬ ಎರಡು ಬ್ರ್ಯಾಂಡಿನ ಯಂತ್ರಗಳ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲಾಗದು. ಒಂದೇ ಕಂಪನಿಯ ಎರಡು ಯಂತ್ರಗಳ ನಡುವೆಯೂ ವ್ಯತ್ಯಾಸ ಇರುತ್ತದೆ.

ಹಿಂದಿನ ದಿನದಿಂದ, ಅಂದರೆ 24 ಗಂಟೆ, ಕ್ಯಾಲ್ಸಿಯಂ ಮಾತ್ರೆ ಬೇಡ. ಕರಗದೆ ಕರುಳಿನಲ್ಲಿ ಉಳಿದ ಮಾತ್ರೆ ಬೆನ್ನೆಲುಬಿನ ಮುಂದೆ ಬಂದರೆ ಯಂತ್ರ ಅದನ್ನೂ ಮೂಳೆಯೆಂದೇ ಎಣಿಸುತ್ತದೆ. ಊಟ, ಉಳಿದ ಔಷಧ ಎಂದಿನಂತೆ. ಬೇರಿಯಂ ಕುಡಿಸಿ ತೆಗೆದ ಎಕ್ಸ್-ರೇ, ಬಣ್ಣದ ಇಂಜೆಕ್ಷನ್ ಕೊಟ್ಟ ಸಿ.ಟಿ., ಐಸೊಟೋಪ್ ಸ್ಕ್ಯಾನ್ ಇತ್ತೀಚೆಗೆ ಆಗಿದ್ದರೆ ಮೊದಲೇ ತಿಳಿಸಿ. ಸಾಮಾನ್ಯವಾಗಿ ಒಂದೆರಡು ವಾರ ಕಾಯಿಸುತ್ತಾರೆ.

ಬಟ್ಟೆಯ ವಿಷಯ ಸಣ್ಣದೆನಿಸಬಹುದು. ಆದರೆ ಸ್ಕ್ಯಾನ್ ಕೆಡುವುದು ಹೆಚ್ಚಾಗಿ ಇಲ್ಲೇ. ಉಡಿದಾರ ಸರಿಯಾಗಿ ಸೊಂಟದ ಮಣಿಗಳ ಮೇಲೇ ಬರುತ್ತದೆ. ಸೀರೆಯ ಪಿನ್ನು, ಬ್ರಾ ಹುಕ್ಕು, ಪ್ಯಾಂಟಿನ ಜಿಪ್ಪು, ಕಿಸೆಯ ನಾಣ್ಯ ಎಲ್ಲವೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಜರಿಯಂಚಿನ ಸೀರೆ ಬೇಡ, ಜರಿಯೂ ಲೋಹದ ನೂಲೇ. ಪೂರ್ತಿ ದೇಹದ ಸ್ಕ್ಯಾನಾದರೆ ಬಳೆ, ತಾಳಿ, ಕಾಲುಂಗುರವೂ ಬರಬಾರದು. ತಾಳಿ ತೆಗೆಯಲು ಮನಸ್ಸಿಲ್ಲದವರು ಬೆನ್ನು-ತೊಡೆಯ ಸ್ಕ್ಯಾನಿನಲ್ಲಿ ಅದನ್ನು ಕತ್ತಿನ ಮೇಲಕ್ಕೆ ಸರಿಸಿಕೊಂಡರೆ ಸಾಕು.

ಮೇಜಿನ ಮೇಲೆ

ಎತ್ತರ, ತೂಕವನ್ನು ಅಲ್ಲೇ ಅಳೆಯಬೇಕು. ಬಾಯಿಮಾತಿನ ಲೆಕ್ಕ ಬೇಡ. ಬೆನ್ನಿನ ಸ್ಕ್ಯಾನಿಗೆ ಸಾಮಾನ್ಯವಾಗಿ ಕಾಲುಗಳನ್ನು ಮೆತ್ತನೆಯ ಚೌಕದ ದಿಂಬಿನ ಮೇಲೆ ಎತ್ತಿಡುತ್ತಾರೆ. ಸೊಂಟದ ಕೊಂಕು ಮೇಜಿಗೆ ಅಂಟಿ, ಮಣಿಗಳ ನಡುವೆ ಸಂದು ಸ್ಪಷ್ಟವಾಗಿ ಕಾಣಲೆಂದು ಹೀಗೆ. ತೊಡೆಯ ಸ್ಕ್ಯಾನಿಗೆ ಪಾದವನ್ನು ಒಳಮುಖವಾಗಿ ತಿರುಗಿಸಿ ಪಟ್ಟಿ ಕಟ್ಟುತ್ತಾರೆ. ತಿರುಗಿಸಬೇಕಾದ್ದು ಬರಿಯ ಪಾದವನ್ನಲ್ಲ, ಇಡೀ ಕಾಲನ್ನು. ಕಾಲು ಹೊರಕ್ಕೆ ವಾಲಿದ್ದರೆ ತೊಡೆಮೂಳೆಯ ಕತ್ತು ಗಿಡ್ಡವಾಗಿ ಕಂಡು, ಸಾಂದ್ರತೆ ಇಲ್ಲದಿದ್ದರೂ ಇರುವಂತೆ ತೋರುತ್ತದೆ. ಮುಂದಿನ ಸಲವೂ ಅದೇ ಕಾಲು. ಆ ಕಡೆ ರಾಡ್ ಅಥವಾ ಕೃತಕ ಕೀಲು ಇದ್ದರೆ ಇನ್ನೊಂದು ಕಾಲು. ಬೆನ್ನು, ತೊಡೆ ಎರಡರಲ್ಲಿ ಒಂದನ್ನು ಅಳೆಯಲಾಗದಿದ್ದರೆ, ಅಥವಾ ಕ್ಯಾಲ್ಸಿಯಂ ನಿಯಂತ್ರಿಸುವ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ ಇದ್ದರೆ, ಹೆಚ್ಚು ಬಳಸದ ಕೈಯ ಮುಂಗೈಯನ್ನೂ ಅಳೆಯಬೇಕು.

ವರದಿ ಓದುವುದು

ಟಿ-ಸ್ಕೋರ್ ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆಗಳು ಇಂದಿಗೂ ಚಾಲ್ತಿಯಲ್ಲಿವೆ: -1.0 ಮತ್ತು ಮೇಲೆ ಸಹಜ, -1.0ರಿಂದ -2.5ರ ನಡುವೆ ಆಸ್ಟಿಯೊಪೀನಿಯಾ, -2.5 ಮತ್ತು ಅದಕ್ಕೂ ಕೆಳಗೆ ಆಸ್ಟಿಯೊಪೊರೊಸಿಸ್. ಇವು ಮುಟ್ಟು ನಿಂತ ಮಹಿಳೆಯರಿಗೆ ಮತ್ತು 50 ದಾಟಿದ ಪುರುಷರಿಗೆ. ಅದಕ್ಕಿಂತ ಚಿಕ್ಕವರು ತಮ್ಮದೇ ವಯಸ್ಸಿನವರ ಜೊತೆ ಹೋಲಿಸುವ ಝಡ್-ಸ್ಕೋರ್ ನೋಡಬೇಕು, -2.0 ಅಥವಾ ಕೆಳಗಿದ್ದರೆ ಕಾರಣ ಹುಡುಕಬೇಕು. 30ರ ಹುಡುಗಿಗೆ ಬರಿಯ ಟಿ-ಸ್ಕೋರ್ ನೋಡಿ ಆಸ್ಟಿಯೊಪೊರೊಸಿಸ್ ಎಂದು ಹಣೆಪಟ್ಟಿ ಕಟ್ಟುವುದು ತಪ್ಪು.

ಹೋಲಿಕೆಗೆ ಯಾವ ಜನರ ಅಳತೆ ಬಳಸಿದ್ದಾರೆ ಎಂಬುದೂ ವರದಿಯ ಒಂದು ಮೂಲೆಯಲ್ಲಿ ಇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2010ರಲ್ಲಿ ಭಾರತೀಯರ ಮೂಳೆ ಸಾಂದ್ರತೆಯ ಮಾನದಂಡ ಪ್ರಕಟಿಸಿದೆ. ಹಲವು ಯಂತ್ರಗಳಲ್ಲಿ ಮಾತ್ರ ಬಿಳಿಯರ ಮಾನದಂಡವೇ ಇದೆ. ಮಾನದಂಡ ಬದಲಾದರೆ ಮೂಳೆ ಬದಲಾಗದಿದ್ದರೂ ಟಿ-ಸ್ಕೋರ್ ಬದಲಾಗುತ್ತದೆ. ಡೆಕ್ಸಾ ಅಳೆಯುವುದು ನೆರಳಿನ ವಿಸ್ತೀರ್ಣವನ್ನಾದ್ದರಿಂದ ಸಣ್ಣ ಮೈಕಟ್ಟಿನವರ ಸಣ್ಣ ಮೂಳೆ ಇರುವುದಕ್ಕಿಂತ ಕಡಿಮೆ ಸಾಂದ್ರವಾಗಿ ಕಾಣುತ್ತದೆ ಎಂಬುದೂ ನೆನಪಿರಲಿ.

ಆಮೇಲೆ ಚಿತ್ರ ನೋಡಿ. ಇದು ವೈದ್ಯರ ಕೆಲಸ ಎಂದು ಬಿಡಬೇಡಿ, ಸಾಮಾನ್ಯರೂ ಪತ್ತೆ ಮಾಡಬಹುದಾದ ತಪ್ಪುಗಳು ಇಲ್ಲಿ ಇರುತ್ತವೆ. ಬೆನ್ನಿನಲ್ಲಿ ಎಲ್1ರಿಂದ ಎಲ್4ರವರೆಗೆ ನಾಲ್ಕು ಮಣಿಗಳ ಅಂಕಿ ಬೇರೆ ಬೇರೆ ಸಾಲಿನಲ್ಲಿ ಇರುತ್ತದೆ. ಮೇಲಿನಿಂದ ಕೆಳಕ್ಕೆ ಬಂದಂತೆ ಸಾಮಾನ್ಯವಾಗಿ ಸ್ವಲ್ಪ ಸ್ವಲ್ಪ ಏರಬೇಕು. ನಡುವೆ ಒಂದು ಮಣಿಯ ಟಿ-ಸ್ಕೋರ್ ಪಕ್ಕದ್ದಕ್ಕಿಂತ 1ಕ್ಕೂ ಹೆಚ್ಚು ಜಿಗಿದಿದ್ದರೆ ಅನುಮಾನ ಪಡಿ. ಕುಸಿದ ಮಣಿಯಲ್ಲಿ ಅಷ್ಟೇ ಖನಿಜ ಚಿಕ್ಕ ಜಾಗದಲ್ಲಿ ಒತ್ತಿಕೊಂಡಿರುವುದರಿಂದ, ಮುರಿದ ಮೂಳೆಯೇ ಗಟ್ಟಿ ಮೂಳೆಯಂತೆ ಕಾಣುತ್ತದೆ! ವಯಸ್ಸಾದವರಲ್ಲಿ ಮಣಿಗಳ ಅಂಚಿಗೆ ಬೆಳೆಯುವ ಮೂಳೆಯ ಮುಳ್ಳು, ಮುಂದಿನ ದೊಡ್ಡ ರಕ್ತನಾಳದಲ್ಲಿ ಕಟ್ಟಿದ ಸುಣ್ಣ ಕೂಡ ಅಂಕಿಯನ್ನು ಏರಿಸುತ್ತವೆ. ಅಂಥ ಮಣಿಯನ್ನು ಬಿಟ್ಟು ಲೆಕ್ಕ ಹಾಕಬೇಕು. ಕನಿಷ್ಠ ಎರಡು ಮಣಿಯಾದರೂ ಉಳಿಯಬೇಕು. ಎಪ್ಪತ್ತರ ಅಜ್ಜಿಯ ವರದಿಯಲ್ಲಿ ‘ಬೆನ್ನು ಸಹಜ, ತೊಡೆ -2.7’ ಎಂದಿದ್ದರೆ ನಂಬಬೇಕಾದ್ದು ತೊಡೆಯನ್ನು. ತೊಡೆಯಲ್ಲಿ ಕತ್ತು ಮತ್ತು ಒಟ್ಟು ಎಂಬ ಎರಡರಲ್ಲಿ ಯಾವುದು ಕಡಿಮೆಯೋ ಅದು ಲೆಕ್ಕಕ್ಕೆ. ‘ವಾರ್ಡ್ಸ್’ ಎಂಬ ಸಾಲನ್ನು ಕಡೆಗಣಿಸಿ, ಅದರಿಂದ ರೋಗ ನಿರ್ಧರಿಸುವಂತಿಲ್ಲ.

ಆಸ್ಟಿಯೊಪೀನಿಯಾ ಎಂದರೆ ಏನೂ ಇಲ್ಲ ಎಂದಲ್ಲ. ಮುರಿತಗಳ ಒಟ್ಟು ಲೆಕ್ಕ ಹಾಕಿದರೆ ಹೆಚ್ಚಿನವು ಈ ನಡುವಿನ ಗುಂಪಿನವರಿಗೇ ಆಗುತ್ತವೆ, ಏಕೆಂದರೆ ಆ ಗುಂಪು ದೊಡ್ಡದು. ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ ಫ್ರ್ಯಾಕ್ಸ್ ಎಂಬ ಲೆಕ್ಕಾಚಾರ ಇಂಥವರಿಗೇ ಉಪಯುಕ್ತ. ಅದರಲ್ಲಿ ಭಾರತದ ಆವೃತ್ತಿ ಇದೆ. ವಯಸ್ಸು, ತೂಕ, ಹಿಂದಿನ ಮುರಿತ, ಅಪ್ಪ-ಅಮ್ಮನ ತೊಡೆಮೂಳೆ ಮುರಿತ, ಧೂಮಪಾನ, ಸ್ಟೀರಾಯ್ಡ್ ಇವನ್ನೆಲ್ಲ ತೊಡೆಮೂಳೆಯ ಕತ್ತಿನ ಅಂಕಿಯ ಜೊತೆ ಸೇರಿಸಿ, ಮುಂದಿನ 10 ವರ್ಷದಲ್ಲಿ ಮುರಿಯುವ ಅಪಾಯ ಎಷ್ಟೆಂದು ಹೇಳುತ್ತದೆ.

ಎರಡು ವರದಿ ಪಕ್ಕಪಕ್ಕ ಇಟ್ಟಾಗ

ಹೋಲಿಸಬೇಕಾದ್ದು ಟಿ-ಸ್ಕೋರನ್ನಲ್ಲ, ಬಿಎಂಡಿಯನ್ನು. ಝಡ್-ಸ್ಕೋರನ್ನಂತೂ ಬೇಡವೇ ಬೇಡ. ನಿಮ್ಮ ಓರಗೆಯವರ ಮೂಳೆಯೂ ಇಳಿಯುತ್ತಿರುವುದರಿಂದ ನಿಮ್ಮ ಮೂಳೆ ಇಳಿದಿದ್ದರೂ ಅದು ಏರಿದಂತೆ ತೋರಬಹುದು. ಮೊದಲು ಎರಡೂ ವರದಿಯ ‘ಏರಿಯಾ’ ಕಾಲಂ ನೋಡಿ. ವಿಸ್ತೀರ್ಣ ಹೆಚ್ಚುಕಡಿಮೆ ಒಂದೇ ಇದ್ದರೆ ಸರಿ. ಅದು ತುಂಬ ಬದಲಾಗಿದ್ದರೆ ಚಿತ್ರದಲ್ಲಿ ಮೂಳೆಯ ಸುತ್ತ ಗೆರೆ ಎಳೆಯುವಾಗಲೋ ಮಲಗಿಸುವಾಗಲೋ ತಪ್ಪಾಗಿದೆ. ಮತ್ತೆ ವಿಶ್ಲೇಷಿಸಿ ಕೊಡಿ ಎಂದು ಕೇಳಿ.

ಈಗ ಆರಂಭದ ಲೆಕ್ಕ. 0.842ರಿಂದ 0.815ಕ್ಕೆ ಇಳಿದದ್ದು 0.027, ಅಂದರೆ ಶೇ 3.2. ಒಳ್ಳೆಯ ಕೇಂದ್ರಕ್ಕೆ ಇರಬಹುದಾದ ಗರಿಷ್ಠ ಎಲ್‌ಎಸ್‌ಸಿ ಬೆನ್ನಿಗೆ ಶೇ 5.3, ಒಟ್ಟು ತೊಡೆಗೆ ಶೇ 5.0, ತೊಡೆಮೂಳೆಯ ಕತ್ತಿಗೆ ಶೇ 6.9. ಆದ್ದರಿಂದ ಈ ಇಳಿಕೆಯನ್ನು ಇಳಿಕೆ ಎನ್ನುವಂತಿಲ್ಲ. ಮುಂದಿನ ವರ್ಷ 0.791 ಬಂದರೆ, ಮೊದಲಿನ 0.842ಕ್ಕೆ ಹೋಲಿಸಿದಾಗ ಶೇ 6.1. ಅದು ನಿಜವಾದ ನಷ್ಟ. ಹಿಂದಿನ ವರದಿಗೆ ಮಾತ್ರವಲ್ಲ, ಮೊಟ್ಟಮೊದಲ ವರದಿಗೂ ಹೋಲಿಸಬೇಕು ಎನ್ನುವುದು ಇದಕ್ಕೇ.

ನಷ್ಟ ನಿಜವಾದರೆ ಔಷಧ ಬದಲಿಸುವ ಮೊದಲು ಅದನ್ನು ನುಂಗುವ ರೀತಿಯನ್ನು ನೋಡಿ. ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರಿಯ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ಇರಬೇಕು. ಬೆಳಗಿನ ಕಾಫಿಯ ಜೊತೆ ನುಂಗಿದರೆ ಮೈಗೆ ಸೇರುವುದು ತೀರಾ ಕಡಿಮೆ. ವಿಟಮಿನ್ ಡಿ, ಥೈರಾಯ್ಡ್, ಪ್ಯಾರಾಥೈರಾಯ್ಡ್ ಪರೀಕ್ಷೆ ಆನಂತರ.

ಪೂರ್ತಿ ದೇಹದ ಸ್ಕ್ಯಾನ್: ಕೊಬ್ಬು ಮತ್ತು ಸ್ನಾಯು

ಅದೇ ಯಂತ್ರ ತಲೆಯಿಂದ ಪಾದದವರೆಗೆ ಅಳೆದು ದೇಹವನ್ನು ಮೂರು ಪಾಲು ಮಾಡಬಲ್ಲದು: ಮೂಳೆಯ ಖನಿಜ, ಕೊಬ್ಬು, ಉಳಿದೆಲ್ಲ. ಈ ‘ಉಳಿದೆಲ್ಲ’ವನ್ನು ವರದಿಯಲ್ಲಿ ‘ಲೀನ್’ ಎಂದು ಬರೆದಿರುತ್ತಾರೆ. ಅದರಲ್ಲಿ ಸ್ನಾಯುವಿನ ಜೊತೆ ಅಂಗಾಂಗ, ರಕ್ತ, ನೀರು ಎಲ್ಲವೂ ಸೇರಿವೆ. ಭಾರತೀಯರಿಗೆ ಇದು ಏಕೆ ಮುಖ್ಯ ಎಂಬುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್‌ಕಿನ್ 2004ರಲ್ಲಿ ತಮ್ಮದೇ ಡೆಕ್ಸಾ ಚಿತ್ರಗಳನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿ ತೋರಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3. ಯುಡ್‌ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ತೂಕದ ಯಂತ್ರಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇಲ್ಲಿ ಅಂಕಿ ಕೆಡಿಸುವುದು ನೀರು. ಸ್ಕ್ಯಾನಿಗೆ ಮುಂಚೆ ಒಂದು ಲೀಟರ್ ನೀರು ಕುಡಿದರೆ ಹೆಚ್ಚುಕಡಿಮೆ ಒಂದು ಕಿಲೋ ‘ಲೀನ್’ ಹೆಚ್ಚಾಗಿ ಕಾಣುತ್ತದೆ. ಸ್ನಾಯುವಿನಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೊಜೆನ್ (ಅನ್ನ, ಮುದ್ದೆಯ ಪಿಷ್ಟದಿಂದ ಬರುವ ಸಕ್ಕರೆಯ ದಾಸ್ತಾನು) ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ. ಅನ್ನ, ಮುದ್ದೆ ಪೂರ್ತಿ ಬಿಟ್ಟ ವಾರದಲ್ಲಿ ಸ್ಕ್ಯಾನ್ ಮಾಡಿಸಿದರೆ ಸ್ನಾಯು ಕರಗಿದಂತೆ ಕಾಣುವುದು ಇದರಿಂದ. ಹಾಗಾಗಿ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಮಲಮೂತ್ರ ಮುಗಿಸಿ, ಹಿಂದಿನ ದಿನ ಕಠಿಣ ವ್ಯಾಯಾಮ ಮಾಡದೆ ಹೋಗಿ. ಪ್ರತಿ ಸಲವೂ ಅದೇ ಕ್ರಮ. ಮೇಜಿನ ಮೇಲೆ ಕೈಗಳು ಮೈಗೆ ತಾಗದಿರಲಿ, ತಾಗಿದರೆ ಕೈಯ ಸ್ನಾಯು ಸೊಂಟದ ಲೆಕ್ಕಕ್ಕೆ ಹೋಗುತ್ತದೆ. ಜಿಮ್ಮಿನಲ್ಲಿ ಬರಿಗಾಲಲ್ಲಿ ನಿಂತು ನೋಡುವ ಯಂತ್ರ ವಿದ್ಯುತ್ ಹಾಯಿಸಿ ಅಂದಾಜು ಮಾಡುವಂಥದ್ದು. ಅದರ ಅಂಕಿಯನ್ನು ಡೆಕ್ಸಾದ ಜೊತೆ ಸೇರಿಸಬೇಡಿ.

ಒಂದು ಲೆಕ್ಕ ಮಾಡಿ ನೋಡೋಣ. 156 ಸೆಂ.ಮೀ. ಎತ್ತರದ ಮಹಿಳೆ 66 ಕಿಲೋದಿಂದ 60 ಕಿಲೋಗೆ ಇಳಿದಿದ್ದಾರೆ. ಕೊಬ್ಬು 27.6ರಿಂದ 23.7 ಕಿಲೋಗೆ, ಲೀನ್ 36.3ರಿಂದ 34.2ಕ್ಕೆ, ಮೂಳೆ 2.1 ಹಾಗೆಯೇ. ಕೊಬ್ಬಿನಲ್ಲಿ ಇಳಿಕೆ ಶೇ 14. ಇದಕ್ಕೆ ಎಲ್‌ಎಸ್‌ಸಿ ಗಡಿ ಸುಮಾರು ಶೇ 8, ಆದ್ದರಿಂದ ನಿಜ. ಲೀನ್ ಇಳಿಕೆ ಶೇ 5.8, ಗಡಿ ಶೇ 5.5, ಅದನ್ನೂ ದಾಟಿದೆ. ಇಳಿದ 6 ಕಿಲೋದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಬ್ಬಲ್ಲ. ಉಪವಾಸದಿಂದಲೋ ತೂಕ ಇಳಿಸುವ ಇಂಜೆಕ್ಷನ್ನಿನಿಂದಲೋ ಬೇಗ ಇಳಿದವರು ಮುಖ್ಯವಾಗಿ ನೋಡಬೇಕಾದ ಸಾಲು ಇದು. ಇನ್ನೊಂದು ಹೆಜ್ಜೆ: ಎರಡು ಕೈ, ಎರಡು ಕಾಲಿನ ಲೀನ್ ಕೂಡಿಸಿ, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿ. ಈಕೆಗೆ ಕೈಕಾಲಿನದು 13.9 ಕಿಲೋ, 2.43ರಿಂದ ಭಾಗಿಸಿದರೆ 5.7. ಇದಕ್ಕಿಂತ ಕೆಳಗಿದ್ದರೆ ಸ್ನಾಯು ಕಡಿಮೆ ಎಂದು ಏಷ್ಯಾದವರಿಗೆ 2019ರಲ್ಲಿ ಪರಿಷ್ಕರಿಸಿದ ಗಡಿ ಮಹಿಳೆಯರಿಗೆ 5.4, ಪುರುಷರಿಗೆ 7.0. ಇನ್ನೂ ಮೇಲಿದ್ದಾರೆ, ಆದರೆ ಹೆಚ್ಚು ದೂರವಿಲ್ಲ. ಪ್ರೋಟೀನ್ ಹೆಚ್ಚಿಸಿ, ಭಾರ ಎತ್ತುವ ವ್ಯಾಯಾಮ ಶುರು ಮಾಡಬೇಕಾದ್ದು ಈಗಲೇ.

ಕೊಬ್ಬು-ಸ್ನಾಯುವಿನ ಸ್ಕ್ಯಾನನ್ನು ಮೂರು ತಿಂಗಳಿಗಿಂತ ಬೇಗ ಮರುಕಳಿಸಿದರೆ ಕಾಣುವುದು ಹೆಚ್ಚಾಗಿ ಯಂತ್ರದ ಅಲುಗಾಟವೇ. ಮೂಳೆಗೆ ಒಂದರಿಂದ ಎರಡು ವರ್ಷ ಬೇಕು. ಸ್ಟೀರಾಯ್ಡ್ ಶುರುವಾದವರಿಗೆ ಆರು ತಿಂಗಳಿಗೂ ಆಗಬಹುದು. ಮನೆಗೆ ಬಂದ ಮೇಲೆ ವರದಿಯ ಹಿಂಬದಿಯಲ್ಲಿ ಇಷ್ಟನ್ನು ಬರೆದಿಡಿ: ಯಂತ್ರದ ಹೆಸರು, ಅಳೆದ ಕಾಲು ಎಡವೋ ಬಲವೋ, ಬಿಟ್ಟ ಮಣಿ ಯಾವುದು, ಕೇಂದ್ರದ ಎಲ್‌ಎಸ್‌ಸಿ, ಅಂದಿನ ಎತ್ತರ-ತೂಕ, ಔಷಧ ಶುರುವಾದ ತಾರೀಕು. ಚಿತ್ರಗಳಿರುವ ಪುಟಗಳನ್ನೂ ಕೇಳಿ ಪಡೆಯಿರಿ. ಮುಂದಿನ ಸಲ ತಂತ್ರಜ್ಞರು ನಿಮ್ಮನ್ನು ಮಲಗಿಸುವ ಮೊದಲು ಹಳೆಯ ಚಿತ್ರವನ್ನು ಅವರ ಕೈಗೆ ಕೊಡಿ.