ಕೂಡಿಟ್ಟ ನೀರಿನಲ್ಲಿ ಸೊಳ್ಳೆ ಹುಟ್ಟದಂತೆ ನೋಡಿಕೊಳ್ಳುವ ಕ್ರಮ

ದಾವಣಗೆರೆ, ಚಿತ್ರದುರ್ಗ ಸೀಮೆಯ ಎಷ್ಟೋ ಊರು, ಬಡಾವಣೆಗಳಲ್ಲಿ ನಲ್ಲಿಯ ನೀರು ದಿನವೂ ಬರುವುದಿಲ್ಲ. ಬಂದ ದಿನ ಸಂಪು, ಸಿಮೆಂಟ್ ತೊಟ್ಟಿ, ಡ್ರಮ್ಮು, ಹಂಡೆ, ಕೊಡಗಳನ್ನೆಲ್ಲ ತುಂಬಿಸಿಟ್ಟುಕೊಂಡು ಮುಂದಿನ ಸರದಿಯವರೆಗೆ ಅದರಲ್ಲೇ ದಿನ ನೂಕಬೇಕು. ಡೆಂಗಿ ಮತ್ತು ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಲು ಹುಡುಕುವುದು ಚರಂಡಿಯ ಕೊಳಚೆಯನ್ನಲ್ಲ, ಹೀಗೆ ಮನೆಯೊಳಗೆ ನಿಂತಿರುವ ತಿಳಿನೀರನ್ನು. ನೀರು ಕೂಡಿಡಲೇಬೇಡಿ ಎಂದು ಈ ಭಾಗದ ಜನರಿಗೆ ಹೇಳುವುದು ನ್ಯಾಯವಲ್ಲ. ಕೂಡಿಡುವ ಕ್ರಮವನ್ನು ಸರಿಪಡಿಸಿಕೊಳ್ಳುವುದು ಮಾತ್ರ ಪ್ರತಿ ಮನೆಯವರಿಗೂ ಸಾಧ್ಯ.

ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯೊಡೆದು, ಹುಳವಾಗಿ, ಕೋಶವಾಗಿ, ರೆಕ್ಕೆ ಬಂದು ಹಾರಲು ಈ ಸೊಳ್ಳೆಗೆ ಎಂಟರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದು ಮಾಡಬೇಕೆಂಬ ನಿಯಮ ಹುಟ್ಟಿರುವುದು ಈ ಲೆಕ್ಕದಿಂದಲೇ. ಆದರೆ ಬರಿದು ಮಾಡಿದರಷ್ಟೇ ಸಾಲದು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಹೆಣ್ಣು ಸೊಳ್ಳೆ ನೀರಿನ ಅಂಚಿಗೆ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆಯಾದ ಒಳಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ಮುಟ್ಟಿದ ಕೂಡಲೇ ಒಡೆಯುತ್ತವೆ. ಬೇಸಿಗೆಯೆಲ್ಲ ಬೋರಲು ಹಾಕಿಟ್ಟ ಡ್ರಮ್ಮನ್ನು ಮುಂಗಾರಿನಲ್ಲಿ ತೊಳೆಯದೆ ತುಂಬಿಸಿದರೆ, ಒಂದೇ ವಾರದಲ್ಲಿ ಅದರಲ್ಲಿ ಹುಳ ಕಾಣಿಸಿಕೊಳ್ಳುವುದು ಇದರಿಂದಲೇ.

ಆದ್ದರಿಂದ ತಿಕ್ಕಿ ತೊಳೆಯುವ ಕೆಲಸವೇ ಇಲ್ಲಿ ಮುಖ್ಯ. ಮೊದಲು ಡ್ರಮ್ಮಿನ ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತೆಗೆದುಕೊಳ್ಳಬೇಕು; ನೀರನ್ನು ಚೆಲ್ಲಿ ವ್ಯರ್ಥ ಮಾಡುವ ಅಗತ್ಯವಿಲ್ಲ. ಬಟ್ಟೆಯಲ್ಲಿ ಉಳಿದ ಹುಳಗಳನ್ನು ಮೋರಿಗೆ ಬಿಡದೆ ಒಣನೆಲದ ಮೇಲೆ ಕೊಡವಿದರೆ ಅವು ಸಾಯುತ್ತವೆ. ಅನಂತರ ತೆಂಗಿನ ನಾರು ಇಲ್ಲವೇ ಗಡುಸು ಬ್ರಷ್ಷಿನಿಂದ, ಸೋಪಿನ ಪುಡಿ ಹಾಕಿ, ತಳದಿಂದ ಕಂಠದವರೆಗೆ ಒಳಗೋಡೆಯನ್ನೆಲ್ಲ ಬಿಗಿಯಾಗಿ ಉಜ್ಜಬೇಕು. ನೀರಿನ ಗೆರೆ ಮೂಡಿರುವ ಜಾಗವನ್ನು, ಅಂಚಿನ ಮಡಿಕೆಯನ್ನು ವಿಶೇಷವಾಗಿ ಉಜ್ಜಬೇಕು. ಚೆನ್ನಾಗಿ ಗಲಬರಿಸಿ, ಬಿಸಿಲಿಗೆ ಒಣಗಿಸಿ, ಮತ್ತೆ ತುಂಬಿಸಿದ ಮೇಲೆ ಮುಚ್ಚಳ ಹಾಕಬೇಕು. ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಹಳೆಯ ಪಂಚೆಯನ್ನೋ ಸೀರೆಯ ತುಂಡನ್ನೋ ಇಮ್ಮಡಿ ಮಾಡಿ ಹೊದಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತಲೂ ಬಿಗಿದು ಕಟ್ಟಿದರೆ ಸೊಳ್ಳೆಗೆ ಒಳಗೆ ಹೋಗಲು ದಾರಿಯಿರುವುದಿಲ್ಲ.

ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಥಳಥಳ ತಿಕ್ಕಿ ಹೊಸ ನೀರು ತುಂಬುವ ಪದ್ಧತಿ ನಮ್ಮ ಮನೆಗಳಲ್ಲಿ ಇದ್ದೇ ಇದೆ. ವರ್ಷಕ್ಕೊಮ್ಮೆ ಶ್ರದ್ಧೆಯಿಂದ ಮಾಡುವ ಆ ಕೆಲಸ ಮಳೆಗಾಲದಲ್ಲಿ ವಾರಕ್ಕೊಮ್ಮೆ ನಡೆಯಬೇಕು. ಹಳ್ಳಿಗಳಲ್ಲಿ ಎತ್ತುಗಳಿಗೆ ಬಿಡುವು ಕೊಡುವ ಸೋಮವಾರವನ್ನು ಇದಕ್ಕೆ ಗೊತ್ತುಮಾಡಿಕೊಳ್ಳಬಹುದು. ಪೇಟೆಯವರಿಗೆ ಭಾನುವಾರ ಅನುಕೂಲ. ಯಾವ ವಾರವಾದರೂ ಸರಿ, ಬೀದಿಯವರೆಲ್ಲರೂ ಅದೇ ದಿನ ಮಾಡುವುದು ಒಳ್ಳೆಯದು, ಏಕೆಂದರೆ ಈ ಸೊಳ್ಳೆ ತನ್ನ ಆಯುಷ್ಯದಲ್ಲಿ ಕೆಲವು ನೂರು ಮೀಟರಿಗಿಂತ ದೂರ ಹೋಗುವುದು ಅಪರೂಪ. ನಿಮ್ಮನ್ನು ಕಚ್ಚಿದ ಸೊಳ್ಳೆ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿರುವ ಸಂಭವವೇ ಹೆಚ್ಚು.

ಸಂಪನ್ನು ವಾರವಾರ ಬರಿದು ಮಾಡಲಾಗುವುದಿಲ್ಲ. ಅದರ ಮುಚ್ಚಳದ ಸಂದುಗಳನ್ನು ಮುಚ್ಚಿ, ಹೆಚ್ಚಾದ ನೀರು ಹೊರಹೋಗುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಟಾರ್ಚ್ ಹಿಡಿದು ನೋಡಿದಾಗ ತಲೆಕೆಳಗಾಗಿ ತೂಗುತ್ತಿದ್ದು, ನೆರಳು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿಯುವ ಹುಳಗಳು ಕಂಡರೆ ಆಶಾ ಕಾರ್ಯಕರ್ತೆಯರಿಗೆ ತಿಳಿಸಬೇಕು. ಆರೋಗ್ಯ ಇಲಾಖೆಯ ಸಿಬ್ಬಂದಿ ಹುಳಗಳನ್ನು ಕೊಲ್ಲುವ ಟೆಮಿಫಾಸ್ ದ್ರಾವಣವನ್ನು ಸರಿಯಾದ ಅಳತೆಯಲ್ಲಿ ಹಾಕುತ್ತಾರೆ. ಲಾರ್ವಾ, ಅಂದರೆ ಈ ಹುಳಗಳ, ಸಮೀಕ್ಷೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸದೆ ಹಿತ್ತಿಲಿನವರೆಗೂ ಕರೆದೊಯ್ದು ತೋರಿಸಬೇಕು. ಬಳಸದ ಬಾವಿಗೆ, ದನ ನೀರು ಕುಡಿಯುವ ದೊಡ್ಡ ತೊಟ್ಟಿಗೆ ಸೊಳ್ಳೆಯ ಹುಳ ತಿನ್ನುವ ಗಪ್ಪಿ ಅಥವಾ ಗಾಂಬೂಸಿಯಾ ಮೀನು ಬಿಡಿಸಬಹುದು. ಕೆರೆ, ಹಳ್ಳಗಳಿಗೆ ಮಾತ್ರ ಅವುಗಳನ್ನು ಬಿಡಬಾರದು, ಅಲ್ಲಿರುವ ನಾಡಮೀನುಗಳಿಗೆ ಅವು ಹಾನಿ ಮಾಡುತ್ತವೆ.

ಫ್ರಿಜ್ಜಿನ ಹಿಂದಿನ ತಟ್ಟೆ, ಕೂಲರ್, ಹೂಕುಂಡದ ಅಡಿಯ ತಟ್ಟೆ, ಹಿತ್ತಿಲಿನ ಒರಳುಕಲ್ಲು, ತೆಂಗಿನ ಕರಟ, ಪಂಕ್ಚರ್ ಅಂಗಡಿಯ ಹಳೆಯ ಟೈರು, ಇವನ್ನೂ ಅದೇ ದಿನ ಸುತ್ತಿ ನೋಡಿ ಬರಬೇಕು. ಚನ್ನಗಿರಿ ಕಡೆಯ ತೋಟಗಳಲ್ಲಿ ಉದುರಿದ ಅಡಿಕೆ ಹಾಳೆಗಳು ಮಳೆನೀರು ಹಿಡಿದಿಟ್ಟುಕೊಳ್ಳುತ್ತವೆಯಾದ್ದರಿಂದ ಅವನ್ನು ಆರಿಸಿ ಒಂದೆಡೆ ಮಳೆ ತಾಗದಂತೆ ಇಡಬೇಕು. ಕಟ್ಟುತ್ತಿರುವ ಮನೆಯ ಆರ್‌ಸಿಸಿ ಮೇಲೆ ಕ್ಯೂರಿಂಗ್‌ಗಾಗಿ ನಿಲ್ಲಿಸಿದ ನೀರನ್ನು ವಾರ ತುಂಬುವುದರೊಳಗೆ ಬಿಟ್ಟು ಬೇರೆ ನೀರು ಹಾಯಿಸಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಮಾಡುವ ಮನೆ, ಅಂಗಡಿ, ಕಟ್ಟಡಗಳ ಮಾಲೀಕರಿಗೆ ದಂಡವನ್ನೂ ನಿಗದಿ ಮಾಡಿದೆ.

ಫಾಗಿಂಗ್ ಯಂತ್ರದ ಹೊಗೆಯನ್ನು ನಂಬಿ ಕೂರುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊಗೆ ತಾಗಿದ ರೆಕ್ಕೆಯ ಸೊಳ್ಳೆ ಸಾಯಬಹುದು, ಆದರೆ ಡ್ರಮ್ಮಿನೊಳಗಿನ ಹುಳಕ್ಕೆ ಅದರಿಂದ ಏನೂ ಆಗುವುದಿಲ್ಲ.

ಭದ್ರಾ ನಾಲೆಯ ನೀರುಂಡು ಬೆಳೆಯುವ ಭತ್ತದ ಗದ್ದೆಗಳ ಸುತ್ತಮುತ್ತ ಇನ್ನೊಂದು ಎಚ್ಚರ ಬೇಕು. ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಹಂದಿ ಮತ್ತು ನೀರುಹಕ್ಕಿಗಳಿಂದ ಮನುಷ್ಯರಿಗೆ ಮಿದುಳು ಜ್ವರ ತರಬಲ್ಲದು. ಇದರ ಲಸಿಕೆಯನ್ನು ಮಗುವಿಗೆ ಒಂಬತ್ತು ತಿಂಗಳಾದಾಗ ಮತ್ತು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ ಕೊಡುವುದರಿಂದ, ತಾಯಿ ಕಾರ್ಡಿನಲ್ಲಿ ಅದು ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಕ್ಯೂಲೆಕ್ಸ್ ಮತ್ತು ಮಲೇರಿಯಾದ ಅನಾಫಿಲಿಸ್ ರಾತ್ರಿ ಕಚ್ಚುತ್ತವೆ. ಈಡಿಸ್ ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸಂಜೆ ಹೊತ್ತು ಮುಳುಗುವ ಮುಂಚೆ ಕಚ್ಚುತ್ತದೆ. ಹಾಗಾಗಿ ಹಗಲು ಮಲಗುವ ಕೂಸು, ಬಾಣಂತಿ, ವಯಸ್ಸಾದವರಿಗೆ ಹಗಲಿನಲ್ಲೂ ಸೊಳ್ಳೆಪರದೆ ಕಟ್ಟಬೇಕು.

ಇಷ್ಟಾಗಿಯೂ ಜ್ವರ ಬಂದರೆ, ಕಣ್ಣಿನ ಹಿಂಭಾಗ, ಮೈಕೈ, ಕೀಲುಗಳಲ್ಲಿ ನೋವಿದ್ದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಮೊದಲ ಐದು ದಿನಗಳಲ್ಲಿ ಡೆಂಗಿಯನ್ನು ಎನ್‌ಎಸ್1 ಪರೀಕ್ಷೆಯಿಂದ, ಆಮೇಲೆ ಐಜಿಎಂ ಪರೀಕ್ಷೆಯಿಂದ ಗುರುತಿಸುತ್ತಾರೆ. ಜ್ವರಕ್ಕೆ ವೈದ್ಯರು ಹೇಳಿದ ಅಳತೆಯ ಪ್ಯಾರಾಸಿಟಮಾಲ್ ಒಂದೇ ಸಾಕು. ಮೈಕೈ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ತಂದು ನುಂಗಬಾರದು, ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಧಾರಾಳವಾಗಿ ಕುಡಿಸಬೇಕು. ಜ್ವರ ಇಳಿಯಿತೆಂದು ಸಮಾಧಾನಪಡುವ ಆ ಒಂದೆರಡು ದಿನವೇ ಅತ್ಯಂತ ಸೂಕ್ಷ್ಮವಾದುದು. ಆಗ ಹೊಟ್ಟೆ ತೀವ್ರವಾಗಿ ನೋಯುವುದು, ವಾಂತಿ ನಿಲ್ಲದಿರುವುದು, ವಸಡು ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಕವಿಯುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು.

ರೋಗಿಯನ್ನು ಜ್ವರವಿರುವ ದಿನಗಳಲ್ಲೆಲ್ಲ ಹಗಲೂ ಪರದೆಯೊಳಗೇ ಮಲಗಿಸಬೇಕು. ಆಗ ಅವರನ್ನು ಕಚ್ಚಿದ ಸೊಳ್ಳೆ ಸುಮಾರು ಎಂಟರಿಂದ ಹನ್ನೆರಡು ದಿನಗಳ ನಂತರ, ತಾನು ಸಾಯುವವರೆಗೂ, ಕಚ್ಚಿದವರಿಗೆಲ್ಲ ವೈರಾಣುವನ್ನು ದಾಟಿಸಬಲ್ಲದು. ಆದ್ದರಿಂದ ಡೆಂಗಿ ಖಚಿತವಾದ ದಿನವೇ ಅಕ್ಕಪಕ್ಕದ ಮನೆಯವರಿಗೆ ಸಂಕೋಚವಿಲ್ಲದೆ ತಿಳಿಸಿ, ಸೋಮವಾರಕ್ಕಾಗಿ ಕಾಯದೆ ಎಲ್ಲರ ಮನೆಯ ಡ್ರಮ್ಮು, ತೊಟ್ಟಿಗಳನ್ನು ಅಂದೇ ತಿಕ್ಕಿ ತೊಳೆಯಬೇಕು.